ನಲವತ್ತು ಅಡಿಗೆ ನಾಲ್ಕು ಇಂಚು

"ಇದನ್ನ ಸ್ವಲ್ಪ ತಿರುಗಿಸಿ ಇಡ್ತೀರಾ?" ಎಂದಳು ತನಿಖಾಧಿಕಾರಿ.

ಊರಿಗೆಲ್ಲ ಬೋರ್ಡು ಬರೆದುಕೊಡುವ ಬೋರ್ಡಕ್ಕ ಅದನ್ನು ತಿರುಗಿಸಿ ತನ್ನ ಅಂಗಡಿಯ ನೆಲದ ಮೇಲಿಟ್ಟಳು. ಬೋರ್ಡಿನ ಬೆನ್ನಿನ ಬಲಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಸಂಖ್ಯೆಯಿತ್ತು: 612. ಅಧಿಕಾರಿ ಪಕ್ಕದ ಇನ್ನೊಂದು ಬೋರ್ಡನ್ನು ತಾನೇ ಮಗುಚಿದಳು. ಅಲ್ಲೂ 612. ಅವಳು ಮಂಡಿಯೂರಿ ಕೂತು ಎರಡನ್ನೂ ಮತ್ತೆ ಮತ್ತೆ ನೋಡಿದಳು. ನೆಲದ ಮೇಲಿನ ಬಣ್ಣದ ಪುಡಿ ಪ್ಯಾಂಟಿಗೆ ಮೆತ್ತಿಕೊಂಡದ್ದೂ ಅವಳಿಗೆ ಗೊತ್ತಾಗಲಿಲ್ಲ. ಮೊದಲನೆಯ ಬೋರ್ಡಿನ ಮುಖದ ಮೇಲೆ 'ಹೊಳೆ ಉಳಿಸಿ, ಮಕ್ಕಳನ್ನು ಉಳಿಸಿ' ಎಂದಿತ್ತು. ಎರಡನೆಯದರ ಮೇಲೆ 'ಕೆಲಸ ಉಳಿಸಿ, ಮನೆ ಉಳಿಸಿ' ಎಂದಿತ್ತು. ಎಂಟು ತಿಂಗಳ ಹಿಂದೆ, ಚುನಾವಣೆಗೆ ಇನ್ನು ಒಂಬತ್ತು ದಿನ ಇದೆ ಎನ್ನುವಾಗ, ಗಡಿಯಾರದ ವೃತ್ತದಲ್ಲಿ ಇದನ್ನು ಹಿಡಿದವರೂ ಅದನ್ನು ಹಿಡಿದವರೂ ಹೊಡೆದಾಡಿಕೊಂಡು ಹನ್ನೊಂದು ಜನ ಆಸ್ಪತ್ರೆ ಸೇರಿದ್ದರು.

"ಎರಡಕ್ಕೂ ಒಂದೇ ನಂಬರ್ ಯಾಕೆ?"

"ಆರ್ಡರ್ ಬಂದ ಒಂದು ಫೋನಿಗೆ ನಮ್ಮ ಲೆಕ್ಕದಲ್ಲಿ ಒಂದು ನಂಬರು. ನಮ್ಮಪ್ಪನ ಕಾಲದಿಂದ್ಲೂ ಹಾಗೇ. ಆರ್ಡರ್ ಕೊಟ್ಟೋರ ಹೆಸರು ಬೇರೆ ಬೇರೆ ಇತ್ತು, ಫೋನು ಒಂದೇ ಇತ್ತು. ಅದಕ್ಕೇ ಎರಡಕ್ಕೂ ಅದನ್ನೇ ಹಾಕ್ದೆ."

"ನಿಮಗೆ ವಿಚಿತ್ರ ಅನ್ನಿಸ್ಲಿಲ್ವಾ? ಹೊಳೆ ಕೆಡಿಸೋ ಚರ್ಮದ ಕಾರ್ಖಾನೆ ಮುಚ್ಚಿ ಅನ್ನೋರಿಗೂ ಮುಚ್ಚಬೇಡಿ ಅನ್ನೋರಿಗೂ ಒಬ್ಬನೇ ಬೋರ್ಡ್ ಮಾಡಿಸ್ತಾನೆ ಅಂದ್ರೆ?"

ಬೋರ್ಡಕ್ಕನಿಗೆ ನಗು ಬಂತು. "ಏನಮ್ಮಾ ನೀವು! ಊರಿಗೆಲ್ಲ ಮೈಕಿನವನು ಒಬ್ಬನೇ, ಕುರ್ಚಿ ಬಾಡಿಗೆಗೆ ಕೊಡೋನು ಒಬ್ಬನೇ, ಬೋರ್ಡಿನೋಳೂ ಒಬ್ಬಳೇ. ಇಬ್ಬರ ಕೆಲಸಾನೂ ಹಿಡಿದು ಮಾಡಿಸೋ ದಲ್ಲಾಳಿ ಯಾರೋ ಇರಬೇಕು ಅಂದ್ಕೊಂಡೆ. ನಾನು ಒಂದೇ ಪಕ್ಷಕ್ಕೆ ಬರೀತೀನಿ ಅಂತ ಕೂತ್ರೆ ಕುಂಚ ಒಣಗಿಹೋಗುತ್ತೆ."

ಅದೇನೋ ನಿಜವೇ. ಆ ಊರಿನಲ್ಲಿ ತಲೆಯೆತ್ತಿ ಏನು ಓದಿದರೂ ಅದು ಬೋರ್ಡಕ್ಕನ ಅಕ್ಷರ. ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ಬಸ್ಸಿನ ನಿಲ್ದಾಣ, ಎರಡೂ ಪಕ್ಷಗಳ ಕಚೇರಿ, ಎಲ್ಲವೂ ಅವಳವೇ. ಮೂಲೆಮನೆಯ ಗೇಟಿನ ಮೇಲಿನ 'ನಾಯಿ ಇದೆ, ಎಚ್ಚರಿಕೆ' ಕೂಡ ಅವಳದೇ; ನಾಯಿ ಸತ್ತು ಆರು ವರ್ಷವಾದರೂ ಆ ಬೋರ್ಡಿಗೆ ಜನ ಇನ್ನೂ ಹೆದರುತ್ತಿದ್ದರು. ಅಕ್ಷರ ಹಾಗಿತ್ತು! ನಲವತ್ತೊಂಬತ್ತು ವರ್ಷದ ಹೆಂಗಸು, ಉಗುರಿನ ಸಂದಿಯಲ್ಲಿ ಸದಾ ಎರಡು ಬಣ್ಣ. ಅವಳ ಕೆಲಸದ ರೀತಿ ಒಂದಿತ್ತು. ಎಷ್ಟೇ ಬೋರ್ಡು ಇರಲಿ, ಎಲ್ಲವನ್ನೂ ಗೋಡೆಗೆ ಸಾಲಾಗಿ ಒರಗಿಸಿ, ಮೊದಲು ಎಲ್ಲದರ ಕೆಂಪು ಅಕ್ಷರ ಮುಗಿಸಿ, ಆಮೇಲೆ ಎಲ್ಲದರ ನೀಲಿ ಬರೆಯುವುದು. ಬಣ್ಣ ಉಳಿಯುತ್ತದೆ, ಕುಂಚ ತೊಳೆಯುವ ರಗಳೆಯಿಲ್ಲ. ಆದರೆ ಹಾಗೆ ಬರೆಯುವವಳಿಗೆ ಸಾಲು ಕಾಣುವುದಿಲ್ಲ, ಬರೀ ಅಕ್ಷರ ಕಾಣುತ್ತದೆ. 'ಉಳಿಸಿ' ಎನ್ನುವುದಕ್ಕೆ ಅವಳು ರಟ್ಟಿನಲ್ಲಿ ಒಂದೇ ಅಚ್ಚು ಕತ್ತರಿಸಿ, ಹೊಳೆಯವರ ಇಪ್ಪತ್ತಕ್ಕೂ ಕೆಲಸದವರ ಇಪ್ಪತ್ತಕ್ಕೂ ಅದನ್ನೇ ಒತ್ತಿ ಕೆಂಪು ಬಳಿದಿದ್ದಳು.

ಅಧಿಕಾರಿ ಸ್ಟೂಲಿನ ಮೇಲೆ ಕೂತು ವಿಷಯ ಬಿಡಿಸಿ ಹೇಳಿದಳು. ಆ ಫೋನು ಈ ದೇಶದ್ದೇ ಅಲ್ಲ. ಊರವರ ಮೊಬೈಲಿಗೆ ದಿನವೂ ಸಂದೇಶ ಕಳಿಸುತ್ತಿದ್ದ 'ಹೊಳೆ ಬಳಗ' ಎಂಬುದೂ, 'ದುಡಿಯುವ ಕೈಗಳು' ಎಂಬುದೂ ಈ ಊರಿನ ಸಂಘಗಳಲ್ಲ. ಸಮುದ್ರದಾಚೆ ಯಾವುದೋ ಕಟ್ಟಡದಲ್ಲಿ ಸಾಲಾಗಿ ಕೂತು ಯಾರೋ ಸಂಬಳಕ್ಕೆ ಬರೆಯುತ್ತಿದ್ದರು. ಎಡಗಡೆ ಕೂತವನು ಹೊಳೆಯ ಪರ, ಬಲಗಡೆ ಕೂತವನು ಕಾರ್ಖಾನೆಯ ಪರ.

ಬೋರ್ಡಕ್ಕನ ಕಿವಿ ನೆಟ್ಟಗಾಯಿತು. ಹೆದರಿಕೆಗಿಂತ ಮೊದಲು ಬಂದದ್ದು ಕುತೂಹಲ. ಅವಳ ಸ್ವಭಾವವೇ ಅದು.

"ಅವರಿಗೆ ನಮ್ಮೂರ ಹೊಳೆಯಿಂದ ಏನಾಗ್ಬೇಕು?"

"ಹೊಳೆಯಿಂದ ಏನೂ ಬೇಡ. ನೀವು ನೀವು ಕಚ್ಚಾಡಿದ್ರೆ ಸಾಕು."

"ಹೌದಾ! ಅಲ್ಲಮ್ಮಾ, ಆ ಎಡಗಡೆಯೋನು, ಬಲಗಡೆಯೋನು... ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡ್ತಾರಾ?"

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. ಇಷ್ಟು ತಿಂಗಳ ತನಿಖೆಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಮಾಡ್ತಾರೇನೋ," ಎಂದಳು. ಆಮೇಲೆ ಪುಸ್ತಕ ಮುಚ್ಚುತ್ತಾ, "ನನಗೆ ಅರ್ಥವಾಗದೇ ಇರೋದು ಒಂದೇ," ಎಂದಳು. "ಜನ ಸೇರಿಸಿದ್ದು ಸರಿ. ಆದ್ರೆ ಇಬ್ಬರನ್ನೂ ಅದೇ ದಿನ, ಹತ್ತೂವರೆಗೆ ಸರಿಯಾಗಿ, ಗಡಿಯಾರದ ವೃತ್ತದ ಎದುರುಬದುರು ರಸ್ತೆಗಳ ಬಾಯಿಗೇ ತಂದು ನಿಲ್ಲಿಸಿದ್ದು ಹೇಗೆ? ಆ ಜಾಗ ಅಷ್ಟು ಇಕ್ಕಟ್ಟು ಅಂತ ಯಾವ ನಕ್ಷೇಲೂ ಗೊತ್ತಾಗಲ್ಲ. ಅಷ್ಟು ದೂರ ಕೂತೋನಿಗೆ ಹೇಗೆ ಗೊತ್ತಾಯ್ತು?"

ಬೋರ್ಡಕ್ಕನಿಗೆ ಗೊತ್ತಿತ್ತು. ಅವಳೇ ಹೇಳಿದ್ದಳು.

ಬೋರ್ಡು ಬರೆಯುವವರು ಯಾರೇ ಆಗಲಿ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಎಲ್ಲಿ ನಿಲ್ಲುತ್ತೆ, ಎಷ್ಟು ದೂರದಿಂದ ಓದಬೇಕು? ಹತ್ತು ಅಡಿಗೆ ಒಂದು ಇಂಚು ಅಕ್ಷರ; ಅದು ಅಪ್ಪ ಕಲಿಸಿದ ಲೆಕ್ಕ. ಅವಳು ಆರ್ಡರು ಕೊಟ್ಟ ಆ ಮನುಷ್ಯನನ್ನೂ ಫೋನಿನಲ್ಲಿ ಹಾಗೇ ಕೇಳಿದ್ದಳು. ಎಷ್ಟು ಮರ್ಯಾದೆಯ ಧ್ವನಿ ಅವನದು! ಊರ ಗಿರಾಕಿಗಳಂತೆ ಬಂದು ಎರಡು ಗಂಟೆ ಕೂತು, ಮೂರು ಸಲ ಮಾತು ಬದಲಿಸಿ, ಕೊನೆಗೆ ಮೊದಲಿನದೇ ಇರಲಿ ಎನ್ನುವ ಜಾತಿಯಲ್ಲ. "ಎಲ್ಲಿ ನಿಂತರೆ ಚೆನ್ನಾಗಿ ಕಾಣಿಸುತ್ತದೆ ಎಂದು ನೀವೇ ದಯವಿಟ್ಟು ತಿಳಿಸಿ," ಎಂದಿದ್ದ, ಪುಸ್ತಕ ಓದಿದ ಹಾಗೆ. ಬೋರ್ಡಕ್ಕ ಉಬ್ಬಿಹೋಗಿ ಎಲ್ಲವನ್ನೂ ಹೇಳಿದ್ದಳು. ಗಡಿಯಾರದ ವೃತ್ತ. ಮಾರ್ಕೆಟ್ ರಸ್ತೆಯ ಬಾಯಿಗೂ ಆಸ್ಪತ್ರೆ ರಸ್ತೆಯ ಬಾಯಿಗೂ ನಡುವೆ ನಲವತ್ತು ಅಡಿ. ಹತ್ತೂವರೆಗೆ ಬಿಸಿಲು ಎರಡೂ ಕಡೆ ಸಮನಾಗಿ ಬೀಳುತ್ತದೆ, ನಾಲ್ಕು ಇಂಚಿನ ಅಕ್ಷರ ಹಾಕಿದರೆ ಎದುರಿನ ಬಾಯಲ್ಲಿ ನಿಂತವನು ಕನ್ನಡಕ ಇಲ್ಲದೆ ಓದಬಹುದು. ಮೂರು ದಿನ ಬಿಟ್ಟು ಅವನೇ ಇನ್ನೊಂದು ಹೆಸರಿನಲ್ಲಿ ಎರಡನೆಯ ಆರ್ಡರು ಕೊಟ್ಟು ಮತ್ತೆ ಅದನ್ನೇ ಕೇಳಿದಾಗ, "ಆಗ್ಲೇ ಹೇಳಿದ್ನಲ್ಲ ಸ್ವಾಮೀ, ಈ ಊರಲ್ಲಿ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಈ ಸಲ ಆಸ್ಪತ್ರೆ ಕಡೆ ಬಾಯಲ್ಲಿ ನಿಲ್ಲಿಸಿ," ಎಂದಿದ್ದಳು. ಸಾಮಾನ್ಯವಾಗಿ ಬೋರ್ಡನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು. ಅವನು ಕೋಲು ಬೇಕೆಂದ. ಅವಳು ಕೋಲೂ ಬಡಿದುಕೊಟ್ಟಳು.

ಇದನ್ನು ಅವಳು ಅಧಿಕಾರಿಗೆ ಹೇಳಲಿಲ್ಲ. "ಯಾರಿಗೆ ಗೊತ್ತಮ್ಮಾ," ಎಂದಳು, ಮತ್ತು ಸುಮ್ಮನೆ ಒಂದು ಒಣಗಿದ ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆಯತೊಡಗಿದಳು.

ಯಾಕೆ ಹೇಳಲಿಲ್ಲ ಎಂದರೆ, ಆಸ್ಪತ್ರೆ ಸೇರಿದ ಆ ಹನ್ನೊಂದು ಜನರಲ್ಲಿ ಒಬ್ಬ ಅವಳ ತಮ್ಮ.

ತಮ್ಮ ಚರ್ಮದ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರದ ಮೇಲಿದ್ದವನು. ಅವಳ ಗಂಡ ಕುಡಿಯುವ ನೀರಿನ ಘಟಕದಲ್ಲಿ ದಿನಾ ಗಾಜಿನ ಕೊಳವೆಯಲ್ಲಿ ಹೊಳೆಯ ನೀರು ಹಿಡಿದು ಬಣ್ಣ ನೋಡುವವನು. ಕಾರ್ಖಾನೆಯ ವಿಚಾರದಲ್ಲಿ ಇಬ್ಬರಿಗೂ ಮೊದಲಿನಿಂದಲೂ ವಾದವಿತ್ತು. ಆದರೆ ಅದು ಊಟಕ್ಕೆ ಕೂತಾಗ ಶುರುವಾಗಿ ಕೈ ತೊಳೆಯುವಷ್ಟರಲ್ಲಿ ಮುಗಿಯುವ ವಾದ. ಆ ದಿನ ಮಾತ್ರ ಇಬ್ಬರೂ ಮೊಬೈಲಿನ ಸಂದೇಶ ನೋಡಿ ವೃತ್ತಕ್ಕೆ ಹೋಗಿದ್ದರು, ಇಬ್ಬರ ಕೈಯಲ್ಲೂ ಅವಳ ಬೋರ್ಡು. ನೂಕಾಟದಲ್ಲಿ ಯಾರದೋ ಕೋಲು ತಮ್ಮನ ಎಡಗೈ ಮೇಲೆ ಬಿತ್ತು. ಎರಡು ಬೆರಳು ಮತ್ತೆ ಮಡಚಲಿಲ್ಲ. ಯಂತ್ರದಿಂದ ಎಬ್ಬಿಸಿ ಅವನನ್ನು ಗೇಟಿನಲ್ಲಿ ಕೂರಿಸಿದರು; ಈಗ ಬರುವ ಹೋಗುವ ಲಾರಿಗಳ ನಂಬರು ಬರೆಯುತ್ತಾನೆ.

ಕೈಗಿಂತ ಹೆಚ್ಚಾಗಿ ಮನಸ್ಸು ಮುರಿದಿತ್ತು. "ನಮ್ಮ ಮೆರವಣಿಗೆ ಇದೆ ಅಂತ ಗೊತ್ತಿದ್ದೂ ಬೇಕಂತಲೇ ಅದೇ ಜಾಗ, ಅದೇ ಹೊತ್ತು ಇಟ್ರು. ಭಾವ ಎದುರಿಗೇ ಇದ್ದ, ನೋಡ್ತಾ ನಿಂತಿದ್ದ," ಎನ್ನುತ್ತಿದ್ದ ತಮ್ಮ. "ಬೇಕಂತ ಇಟ್ಟೋರು ಅವರು. ನಾನು ಅವನನ್ನ ನೋಡೇ ಇಲ್ಲ," ಎನ್ನುತ್ತಿದ್ದ ಗಂಡ. ಎಂಟು ತಿಂಗಳು ಮುಖ ಕೊಟ್ಟು ಮಾತಿಲ್ಲ. ಅಮ್ಮ ಇರುವುದು ತಮ್ಮನ ಮನೆಯಲ್ಲಿ. ಬೋರ್ಡಕ್ಕ ಅವನು ಗೇಟಿನಲ್ಲಿರುವ ಹೊತ್ತು ನೋಡಿಕೊಂಡು ಕಳ್ಳಿಯ ಹಾಗೆ ಹೋಗಿ ಅಮ್ಮನ ತಲೆ ಬಾಚಿ ಬರುತ್ತಿದ್ದಳು. ನಿಜ ಹೇಳಿದರೆ ಗಂಡನೂ ತಮ್ಮನೂ ಒಬ್ಬರನ್ನೊಬ್ಬರು ಅನುಮಾನಿಸುವುದು ನಿಲ್ಲಬಹುದು. ಆದರೆ ತಮ್ಮನ ಬೆರಳು ಹೋದದ್ದು ಅಕ್ಕನ ಬಾಯಿಂದ ಎಂದಾಗುತ್ತದೆ. ಹೇಳದಿದ್ದರೆ ಅವಳು ಬಚಾವು, ಅವರಿಬ್ಬರು ಹಾಗೇ.

ಮೂರು ವಾರ ಕಳೆದು ಸಂಸತ್ತಿನ ವಿಚಾರಣಾ ಸಮಿತಿ ಊರಿಗೇ ಬರುತ್ತದೆಂದು ಸುದ್ದಿಯಾಯಿತು. ಅಷ್ಟು ದಿನ ರಾಜಧಾನಿಯಲ್ಲಿ ನಡೆದದ್ದು ಟಿವಿಯಲ್ಲಿ ಕಂಡಿತ್ತು. ಗೆದ್ದ ಪಕ್ಷದವರು, ವಿದೇಶಿ ಕೈವಾಡ ಎಂಬುದೇ ಸೋತವರ ಕಟ್ಟುಕಥೆ, ಮತ ಹಾಕಿದ ಜನಕ್ಕೆ ಅವಮಾನ ಎನ್ನುತ್ತಿದ್ದರು. ಸೋತವರು, ಗೆದ್ದದ್ದೇ ಅದರಿಂದ ಎನ್ನುತ್ತಿದ್ದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಿದ್ದುದರಿಂದ ಆ ಪರದೇಶದವನು ಏನು ಮಾಡಿದ ಎಂಬುದು ಮಾತ್ರ ಯಾರಿಗೂ ಕೇಳಿಸುತ್ತಿರಲಿಲ್ಲ.

ಸೋಮವಾರ, ಕಾರ್ಖಾನೆಯ ಪರ ನಿಂತು ಗೆದ್ದ ಪಕ್ಷದ ಊರ ಕಾರ್ಯದರ್ಶಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. "ಅಕ್ಕಾ, ಆ ಹೊಳೆ ಬೋರ್ಡಿನ ವಿಷಯ ಇದೆಯಲ್ಲ, ಅದನ್ನ ಹೇಳಿಬಿಡು, ಸಾಕು. ಉಳಿದದ್ದು ನಿನಗ್ಯಾಕೆ ತಲೆನೋವು?" ಮಂಗಳವಾರ, ಹೊಳೆಯ ಪರ ನಿಂತು ಸೋತ ಪಕ್ಷದ ಕಾರ್ಯದರ್ಶಿ ಬಂದ, ಅದೇ ಸ್ಟೂಲಿನ ಮೇಲೆ ಕೂತ. "ಅಕ್ಕಾ, ಆ ಕೆಲಸದ ಬೋರ್ಡಿನ ವಿಷಯ ಹೇಳಿಬಿಡು, ಸಾಕು. ಉಳಿದದ್ದು ನಿನಗ್ಯಾಕೆ?" ಬೋರ್ಡಕ್ಕನಿಗೆ ಸಿಟ್ಟೂ ಬಂತು, ನಗುವೂ ಬಂತು.

"ನೀವಿಬ್ರೂ ಒಟ್ಟಿಗೇ ಬರಬಾರ್ದಿತ್ತಾ? ಒಂದೇ ಸಲ ಕೇಳ್ಬಿಡ್ತಿದ್ದೆ," ಎಂದಳು.

"ಅವನ ಜೊತೆ ನಾನಾ?" ಎಂದು ಅವನು ಎದ್ದು ಹೋದ. ಹೋಗುವಾಗ, ಪಕ್ಷದ ಹೊಸ ಕಚೇರಿಯ ಬೋರ್ಡನ್ನು ಪಕ್ಕದೂರಿನಲ್ಲಿ ಬರೆಸುವ ಯೋಚನೆಯಿದೆ ಎಂದು ಸೇರಿಸಿದ. ಹಿಂದಿನ ದಿನದವನೂ ಅದನ್ನೇ ಹೇಳಿ ಹೋಗಿದ್ದ.

ವಿಚಾರಣೆಯ ದಿನ ಪುರಭವನ ತುಂಬಿತ್ತು. ಊರು ತಾನಾಗಿಯೇ ಎರಡಾಗಿ ಕೂತಿತ್ತು. ಎಡಗಡೆ ಕಾರ್ಖಾನೆಯವರು, ಬಲಗಡೆ ಹೊಳೆಯವರು, ನಡುವೆ ಖಾಲಿ ದಾರಿ. ಎಡಗಡೆಯ ಕೊನೆಯ ಸಾಲಿನಲ್ಲಿ ತಮ್ಮ ಎಡಗೈಯನ್ನು ಜೇಬಿನಲ್ಲಿಟ್ಟು ಕೂತಿದ್ದ. ಗಂಡ ಬಲಗಡೆ, ಕಿಟಕಿಯ ಹತ್ತಿರ. ವೇದಿಕೆಯ ಮೇಲೆ ಹಸಿರು ಬಟ್ಟೆ ಹಾಸಿದ ಮೇಜು, ನಡುವೆ ವಯಸ್ಸಾದ ಅಧ್ಯಕ್ಷರು, ಅವರ ಒಂದು ಪಕ್ಕ ಗೆದ್ದ ಪಕ್ಷದ ಕನ್ನಡಕದ ಸದಸ್ಯರು, ಇನ್ನೊಂದು ಪಕ್ಕ ಸೋತ ಪಕ್ಷದ ಮೀಸೆಯ ಸದಸ್ಯರು. ತನಿಖಾಧಿಕಾರಿ ಕೆಳಗೆ ಕಡತಗಳ ನಡುವೆ ಕೂತಿದ್ದಳು. ಎರಡು ಬೋರ್ಡುಗಳು ಮೇಜಿಗೆ ಒರಗಿದ್ದವು. ಬೋರ್ಡಕ್ಕ ಮೊದಲು ನೋಡಿದ್ದು ಮೇಜಿನ ಮೇಲಿನ ಸದಸ್ಯರ ಹೆಸರಿನ ಫಲಕಗಳನ್ನು. ಯಂತ್ರದಲ್ಲಿ ಮಾಡಿಸಿದ್ದು. ಅಕ್ಷರಗಳ ನಡುವೆ ಅಂತರವೇ ಇಲ್ಲ, ಥೂ.

ಕನ್ನಡಕದವರು ಹೊಳೆಯ ಬೋರ್ಡನ್ನು ಎತ್ತಿ ಹಿಡಿದರು. "ಇದನ್ನು ವಿದೇಶಿಯ ಆದೇಶದ ಮೇಲೆ ನೀವು ಮಾಡಿದಿರಿ. ಹೌದೋ ಅಲ್ಲವೋ?"

"ಹೌದು. ಆದ್ರೆ ಅದನ್ನ ತಿರುಗಿಸಿ ನೋಡಿ ಸಾರ್."

"ಕೇಳಿದ್ದಕ್ಕೆ ಉತ್ತರ ಹೇಳಿ ಸಾಕು."

ಮೀಸೆಯವರು ಕೆಲಸದ ಬೋರ್ಡನ್ನು ಎತ್ತಿ ಹಿಡಿದರು. "ಇದನ್ನೂ ಅದೇ ವಿದೇಶಿಗಾಗಿ ಮಾಡಿದಿರಿ. ಹೌದೋ ಅಲ್ಲವೋ?"

"ಹೌದು. ಅದನ್ನೂ ತಿರುಗಿಸಿ ಸಾರ್."

ಅವರೂ ತಿರುಗಿಸಲಿಲ್ಲ. ಕೊನೆಗೆ ಅಧ್ಯಕ್ಷರೇ ಎದ್ದು ಬಂದು ಎರಡನ್ನೂ ಮಗುಚಿ ಮೇಜಿನ ಮೇಲೆ ಮಲಗಿಸಿದರು, ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದರು. "ಎರಡಕ್ಕೂ ಆರುನೂರ ಹನ್ನೆರಡು," ಎಂದು ಜೋರಾಗಿ ಓದಿದರು. ಬೋರ್ಡಕ್ಕ ಅದರ ಅರ್ಥ ಹೇಳಿದಳು. ಸಭೆಯಲ್ಲಿ ಗುಜುಗುಜು ಎದ್ದಿತು. ಎಡಗಡೆಯವರು ಬಲಗಡೆ ನೋಡಿದರು, ಬಲಗಡೆಯವರು ಎಡಗಡೆ ನೋಡಿದರು. ಇಬ್ಬರು ಸದಸ್ಯರೂ ಒಟ್ಟಿಗೇ ನೀರು ಕುಡಿದರು.

"ಬೇರೆ ಏನಾದರೂ ಹೇಳುವುದಿದೆಯೇ?" ಎಂದರು ಅಧ್ಯಕ್ಷರು. ಅದು ಪ್ರತಿಯೊಬ್ಬ ಸಾಕ್ಷಿಗೂ ಕೊನೆಗೆ ಕೇಳುವ ಮಾತು. ಬೆಳಗಿನಿಂದ ಬಂದ ಆರು ಜನವೂ 'ಇಲ್ಲ' ಎಂದು ಕೈಮುಗಿದು ಇಳಿದಿದ್ದರು. ಬೋರ್ಡಕ್ಕನಿಗೂ ಅಷ್ಟೇ ಸಾಕಾಗಿತ್ತು. ಇಲ್ಲ ಎಂದುಬಿಟ್ಟರೆ ಮುಗಿಯಿತು. ಅವಳು ಕೊನೆಯ ಸಾಲನ್ನು ನೋಡಿದಳು. ತಮ್ಮ ಜೇಬಿನಿಂದ ಕೈ ತೆಗೆದು ಬಲಗೈಯಿಂದ ಆ ಬೆರಳುಗಳನ್ನು ನೀವಿಕೊಳ್ಳುತ್ತಿದ್ದ. ತಾನು ಹಾಗೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

"ಇದೆ," ಎಂದಳು. "ಆ ಜಾಗ, ಆ ಹೊತ್ತು ಅವನಿಗೆ ಹೇಳಿದ್ದು ನಾನು."

ಆಮೇಲೆ ತಡೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಹತ್ತು ಅಡಿಗೆ ಒಂದು ಇಂಚಿನ ಲೆಕ್ಕ, ಗಡಿಯಾರದ ವೃತ್ತದ ಬಿಸಿಲು, ನಲವತ್ತು ಅಡಿ, ಕೋಲು. "ಎಲ್ಲಿ ನಿಲ್ಲುತ್ತೆ ಅಂತ ಕೇಳೋದು ನಮ್ಮ ಕಸುಬು ಸಾರ್. ಯಾರು ನಿಲ್ಲಿಸ್ತಾರೆ, ಯಾಕೆ ನಿಲ್ಲಿಸ್ತಾರೆ ಅಂತ ನಾನು ಕೇಳ್ಲಿಲ್ಲ. ಇಬ್ಬರಿಗೂ ಒಂದೇ ಜಾಗ ಹೇಳ್ದೆ. ಇವರು ಬೇಕಂತ ಮಾಡಿದ್ದಲ್ಲ, ಅವರೂ ಬೇಕಂತ ಮಾಡಿದ್ದಲ್ಲ. ಬೇಕಂತ ಮಾಡಿದೋನು ಇಲ್ಲಿಲ್ಲ. ಗೊತ್ತಿಲ್ದೆ ಮಾಡಿದೋಳು ನಾನಿದ್ದೀನಿ."

ಕನ್ನಡಕದವರಿಗೆ ಮೊದಲು ಜೀವ ಬಂತು. "ನೋಡಿದಿರಾ ಅಧ್ಯಕ್ಷರೇ! ಜಾಗ ಗೊತ್ತುಮಾಡಿದ್ದು ಇದೇ ಊರಿನ ಹೆಂಗಸು. ಇನ್ನೆಲ್ಲಿಯ ವಿದೇಶಿ ಕೈವಾಡ?" ಮೀಸೆಯವರು ಮೇಜು ಕುಟ್ಟಿದರು. "ಅಮಾಯಕಳಿಂದ ಮಾಹಿತಿ ಕದಿಯುವುದೇ ಕೈವಾಡ! ಇದನ್ನು ವರದಿಯ ಮೊದಲ ಪುಟದಲ್ಲಿ ಹಾಕಬೇಕು." "ಕಡತದಿಂದಲೇ ತೆಗೆಯಬೇಕು!" "ತೆಗೆದರೆ ನಾವು ಬೇರೆಯೇ ವರದಿ ಬರೆಯುತ್ತೇವೆ!" ಅಧ್ಯಕ್ಷರು ಗಂಟೆ ಬಾರಿಸಿದರೂ ಇಬ್ಬರೂ ನಿಲ್ಲಿಸಲಿಲ್ಲ. ತನಿಖಾಧಿಕಾರಿ ಮಾತ್ರ ತಲೆ ತಗ್ಗಿಸಿ, ನಲವತ್ತು ಅಡಿ, ಹತ್ತೂವರೆ, ನಾಲ್ಕು ಇಂಚು ಎಂದು ಒಂದೊಂದನ್ನೇ ಬರೆದುಕೊಳ್ಳುತ್ತಿದ್ದಳು.

ಆ ಗದ್ದಲದ ನಡುವೆ ತಮ್ಮ ಎದ್ದ. ಬೋರ್ಡಕ್ಕ ನೋಡುತ್ತಿದ್ದಂತೆ, ಅವಳ ಕಡೆ ಒಮ್ಮೆಯೂ ತಿರುಗದೆ ಬಾಗಿಲು ತಳ್ಳಿಕೊಂಡು ಹೊರಗೆ ಹೋದ. ಮುಗಿಯಿತು, ಇನ್ನು ಅಮ್ಮನನ್ನು ಕದ್ದು ನೋಡುವುದಕ್ಕೂ ಆಗುವುದಿಲ್ಲ ಎಂದುಕೊಂಡಳು.

ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ ಗಂಡ, "ನನಗಾದ್ರೂ ಹೇಳ್ಬಹುದಿತ್ತು," ಎಂದ.

"ಹೇಳಿದ್ರೆ ಏನ್ಮಾಡ್ತಿದ್ರಿ?"

"ಗೊತ್ತಿಲ್ಲ." ಇನ್ನೂ ಸ್ವಲ್ಪ ದೂರ ನಡೆದ. "ಎಂಟು ತಿಂಗಳು ಅವನೇ ಬೇಕಂತ ಮಾಡ್ದ ಅಂದ್ಕೊಂಡೇ ಇದ್ದೆ ಕಣೇ. ಹೊಳೆ ಕೆಟ್ಟಿರೋದು ಸುಳ್ಳಲ್ಲ. ನನ್ನ ಸಿಟ್ಟೂ ಸುಳ್ಳಲ್ಲ. ಆದ್ರೆ ಆವತ್ತು, ಅಲ್ಲಿ, ಆ ಸಿಟ್ಟನ್ನ ಖರ್ಚು ಮಾಡಿಸಿದೋನು ಇನ್ಯಾರೋ ಅಂದ್ರೆ..."

ಮರುದಿನ ಭಾನುವಾರ. ಊರಿಗೆ ಬರುವ ಎರಡೂ ಪತ್ರಿಕೆಗಳಲ್ಲಿ ಅವಳ ಚಿತ್ರ ಬಂದಿತ್ತು. ಒಂದರಲ್ಲಿ 'ಜಾಗ ಹೇಳಿದ್ದು ಬೋರ್ಡಕ್ಕ, ವಿದೇಶಿ ಕಥೆ ಠುಸ್' ಎಂದೂ, ಇನ್ನೊಂದರಲ್ಲಿ 'ಬೋರ್ಡಕ್ಕನ ಬಾಯಿಂದ ವಿದೇಶಿ ಸಂಚು ಬಯಲು' ಎಂದೂ ಇತ್ತು. ಚಿತ್ರ ಮಾತ್ರ ಎರಡರಲ್ಲೂ ಒಂದೇ. ಅವಳು ಅವನ್ನು ಮಡಚಿ ಬಣ್ಣದ ಡಬ್ಬಿಗಳ ಕೆಳಗೆ ಹಾಸಿದಳು. ರಜೆಯ ದಿನವಾದ್ದರಿಂದ ಗಂಡ ಅಂಗಡಿಯಲ್ಲಿ ಕೂತು ಹಳೆಯ ತಗಡಿನ ಬೋರ್ಡೊಂದನ್ನು ಉಜ್ಜುತ್ತಿದ್ದ.

ಬಾಗಿಲಲ್ಲಿ ನೆರಳು ಬಿತ್ತು. ತಮ್ಮ. ಕಂಕುಳಲ್ಲಿ ಬೋರ್ಡು, ಕೋಲು ಮುರಿದದ್ದು, ಒಂದು ಮೂಲೆ ನೀರಿಗೆ ಉಬ್ಬಿದ್ದು. ಅವನ ಮನೆಯಲ್ಲಿ ನೀರಿನ ಡ್ರಮ್ಮಿಗೆ ಮುಚ್ಚಳವಾಗಿದ್ದ ಅದನ್ನು ಬೋರ್ಡಕ್ಕ ಎಂಟು ತಿಂಗಳಿಂದ ನೋಡುತ್ತಿದ್ದಳು. ಅವನು ಅದನ್ನು ತಿರುಗಿಸಿ ತೋರಿಸಿದ. 612, ಅರ್ಧ ಅಳಿಸಿದ್ದರೂ ಅವಳದೇ ಅಕ್ಷರ.

"ದಿನಾ ಎತ್ತಿಡ್ತಿದ್ದೆ," ಎಂದ. "ತಿರುಗಿಸಿ ನೋಡೇ ಇರ್ಲಿಲ್ಲ."

ಬೋರ್ಡಕ್ಕನ ಕಣ್ಣು ತುಂಬಿತು. "ನನ್ನಿಂದ ಕಣೋ..."

"ಸುಮ್ನಿರಕ್ಕಾ." ಅವನ ಧ್ವನಿಯಲ್ಲಿ ಸಿಟ್ಟು ಇನ್ನೂ ಇತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. "ರಾತ್ರಿಯೆಲ್ಲಾ ನಿನ್ನನ್ನ ಬೈಕೊಂಡೆ. ಬೆಳಿಗ್ಗೆ ಅಮ್ಮನ ಹತ್ರ ಹೇಳ್ದೆ. ಅಮ್ಮ ಏನಂದ್ಲು ಗೊತ್ತಾ? 'ಅವಳು ಚಿಕ್ಕೋಳಿದ್ದಾಗಿಂದ್ಲೂ ಹಾಗೇ, ದಾರಿ ಕೇಳಿದೋರ್ನ ಮನೆವರೆಗೂ ಬಿಟ್ಟು ಬರ್ತಿದ್ಲು' ಅಂದ್ಲು." ಅವನು ಮೂಗೊರೆಸಿಕೊಂಡ. "ಅವನ ಧ್ವನಿ ಹೇಗಿತ್ತು?"

"ಒಳ್ಳೆಯವನ ಹಾಗಿತ್ತು."

ತಮ್ಮ ಅಂಗಡಿಯೊಳಗೆ ಕಣ್ಣಾಡಿಸಿ, "ಟೇಪ್ ಇದ್ಯಾ? ನಲವತ್ತು ಅಡಿ ಅಂದ್ರೆ ಎಷ್ಟು ಅಂತ ನೋಡ್ಬೇಕು," ಎಂದ.

ಅಪ್ಪನ ಕಾಲದ ಟೇಪು ಮೊಳೆಗೆ ನೇತುಹಾಕಿತ್ತು. ದುಂಡನೆಯ ಚರ್ಮದ ಪೆಟ್ಟಿಗೆ, ಪಕ್ಕದಲ್ಲಿ ಸುತ್ತುವ ಹಿಡಿ, ಒಳಗೆ ಬಟ್ಟೆಯ ಪಟ್ಟಿ. ತಮ್ಮ ಅದನ್ನು ತೆಗೆದುಕೊಂಡು, ಗೋಡೆಯ ಕಡೆ ನೋಡುತ್ತಾ ಹೇಳಿದ: "ಅಕ್ಕಾ, ಭಾವನಿಗೆ ಹೇಳು, ಈ ತುದಿ ಹಿಡ್ಕೊಳ್ಳಕ್ಕೆ."

ಗಂಡ ಉಜ್ಜುಕಾಗದ ಕೆಳಗಿಟ್ಟ. "ಹಿಡ್ಕೋತೀನಿ ಅಂತ ಹೇಳೇ ಅವನಿಗೆ."

ನಡುವೆ ನಿಂತಿದ್ದ ಬೋರ್ಡಕ್ಕ ಪಕ್ಕಕ್ಕೆ ಸರಿದಳು.

ಗಂಡ ತುದಿ ಹಿಡಿದು ಬೀದಿಯಲ್ಲಿ ನಡೆಯುತ್ತಾ ಹೋದ. ಭಾನುವಾರದ ಬೀದಿ ಖಾಲಿಯಿತ್ತು. ಹಲ್ಲಿನ ಡಾಕ್ಟರ ಬಾಗಿಲು ದಾಟಿ, ನಾಯಿಯಿಲ್ಲದ ಮನೆಯ ಗೇಟಿನ ಹತ್ತಿರ ಪಟ್ಟಿ ಬಿಗಿಯಾಯಿತು. ನಲವತ್ತು. ತಮ್ಮ ಟೇಪಿನ ಪೆಟ್ಟಿಗೆಯನ್ನು ಮೊಣಕೈಯಲ್ಲಿ ಒತ್ತಿಹಿಡಿದು ಬೋರ್ಡನ್ನು ಬಲಗೈಯಲ್ಲಿ ಮುಖದ ಎತ್ತರಕ್ಕೆ, ಆವತ್ತು ಹಿಡಿದ ಹಾಗೆ ಎತ್ತಿ ಹಿಡಿದ.

"ಓದಕ್ಕೆ ಬರುತ್ತಾ?" ಎಂದು ಕೂಗಿದ. ಈಗ ಅಕ್ಕನನ್ನು ನಡುವೆ ತರುವುದು ಅವನಿಗೆ ಮರೆತುಹೋಗಿತ್ತು.

"ಬರುತ್ತೆ!"

"ನಾನು ಕಾಣ್ತೀನಾ?"

ಭಾವ ಕತ್ತು ಆ ಕಡೆ ಈ ಕಡೆ ವಾಲಿಸಿ ನೋಡಿದ. "ಬೋರ್ಡು ಅಡ್ಡ ಇದೆಯಲ್ಲೋ. ಆವತ್ತೂ ಹಿಂಗೇ ಹಿಡ್ಕೊಂಡಿದ್ಯಾ?"

"ಹೂಂ."

"ನನ್ನ ಎದುರಿಗೆ ಇಪ್ಪತ್ತು ಬೋರ್ಡಿತ್ತು," ಎಂದ ಭಾವ. "ನಾನು ಓದ್ತಾ ಇದ್ದೆ ಅಷ್ಟೇ."

"ನಾನೂ," ಎಂದ ತಮ್ಮ, ಈ ಸಲ ಕೂಗದೆ. ಅದು ನಲವತ್ತು ಅಡಿ ದೂರಕ್ಕೆ ಕೇಳಿಸಿತೋ ಇಲ್ಲವೋ. ಅವನು ಬೋರ್ಡನ್ನು ಇಳಿಸಿ ಗೋಡೆಗೆ ಒರಗಿಸಿದ.

ಆಮೇಲೆ ಟೇಪು ಸುತ್ತಲು ಹೋದ. ಪೆಟ್ಟಿಗೆಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿಯಬೇಕು, ಬಲಗೈಯಲ್ಲಿ ಹಿಡಿ ತಿರುಗಿಸಬೇಕು. ಬೆರಳು ಮಡಚದೆ ಪೆಟ್ಟಿಗೆ ಜಾರಿತು. ಬೋರ್ಡಕ್ಕ ಹೊಸಲು ದಾಟಿ ಒಂದು ಹೆಜ್ಜೆ ಮುಂದಿಟ್ಟಳು, ಅಲ್ಲೇ ನಿಂತಳು. ತಮ್ಮ ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಧಾನವಾಗಿ, ಒಂದೊಂದೇ ಸುತ್ತು ಸುತ್ತತೊಡಗಿದ. ಪಟ್ಟಿ ನಡುವೆ ಜೋತುಬಿದ್ದು ಇನ್ನೇನು ಮಣ್ಣಿಗೆ ತಾಗುವುದರಲ್ಲಿತ್ತು. ಆ ತುದಿಯಲ್ಲಿ ಭಾವ ಕೈಯೆತ್ತಿ ಅದನ್ನು ಮೇಲೆ ಹಿಡಿದ. ತಮ್ಮ ಎಷ್ಟು ಸುತ್ತುತ್ತಿದ್ದನೋ ಅಷ್ಟೇ ಹೆಜ್ಜೆ ಹಾಕುತ್ತಾ ಬೀದಿಯ ನಡುವೆ ನಡೆದು ಬಂದ.